ಬೆಡಗು ಕೇಳುವ ಕಾಕಾ

ಸಂಬಂಧ ಕೂಡಿಸುವ ಕಾಕಾ ಒಬ್ಬ ಇಲ್ಲದ ಊರು ನಮ್ಮ ಕಡೆ ಇಲ್ಲ. ಇಟಗಿಯಲ್ಲಿ ಅವನನ್ನು ಹುಡುಕುವುದಾದರೆ ಮಹಾದೇವ ಗುಡಿಯ ದಾರಿಯಲ್ಲಿ, ಮಿರ್ಚಿ ಕರಿಯುವ ವಾಸನೆ ಹಿಡಿದು ಹೋಗಬೇಕು. ಬಿಳಿ ಧೋತರ, ತಲೆಗೊಂದು ಟವೆಲ್ಲು, ಬಗಲಲ್ಲಿ ಬೀಜದ ಕಂಪನಿಯವರು ಯಾವಾಗಲೋ ಕೊಟ್ಟ ರೆಕ್ಸಿನ್ ಚೀಲ. ಚೀಲದೊಳಗೆ ಇನ್ನೂರು ಪುಟದ ನೋಟಬುಕ್ಕು: ಎಡಕ್ಕೆ ವರ, ಬಲಕ್ಕೆ ಕನ್ಯಾ. ಮೊಬೈಲೂ ಇದೆ. ಆದರೆ ಅದರಲ್ಲಿ ಬೆರಳು ಜಾರಿದರೆ ಕನ್ಯೆಯ ಫೋಟೋ ಹೋಗಿ ಯಾರದೋ ಮಾರಾಟದ ಎತ್ತು ಬರುತ್ತದೆ. ಒಮ್ಮೆ ಬೀಗರ ಎದುರೇ ಹಾಗಾಗಿ, ವರನ ಅಪ್ಪ ಎತ್ತಿನ ಹಲ್ಲು ಎಷ್ಟೆಂದು ಕೇಳಿದ್ದನಂತೆ. ಅಂದಿನಿಂದ ನಂಬಿಕೆಯೆಲ್ಲ ನೋಟಬುಕ್ಕಿನ ಮೇಲೆ.

ಆ ಬುಕ್ಕನ್ನು ಒಂದು ಚಹಾ ಬರುವಷ್ಟು ಹೊತ್ತು ನಾನು ನೋಡಿದ್ದೇನೆ. ಹೆಸರಿನ ಮುಂದೆಲ್ಲ ಹವಾಮಾನ ವರದಿ. 'ಬೋರು ಬತ್ತೈತಿ' ಅಂದರೆ ಹೊಲ ಸಾಲಕ್ಕೆ ಬಿದ್ದಿದೆ. 'ಸಂಜಿಮುಂದ ಮೋಡ' ಅಂದರೆ ವರ ಕುಡಿಯುತ್ತಾನೆ. 'ಒಂದ್ಸಲ ಮಳಿ ಆಗೈತಿ' ಅಂದರೆ ನಿಶ್ಚಯವಾಗಿ ಮುರಿದಿದೆ. ಕೆಲವು ಹೆಸರಿನ ಮುಂದೆ ಬರೀ ಚುಕ್ಕೆ.

"ಇದೇನು ಕಾಕಾ?"

"ಅದು ಮನಿತನದ ಗುಟ್ಟು. ಕೊಡು ಇಲ್ಲಿ."

ನಮ್ಮ ಕಡೆ ಗುಟ್ಟೆಂದರೆ ಯಾರಿಗೂ ಗೊತ್ತಿಲ್ಲದ್ದಲ್ಲ. ಊರಿಗೆಲ್ಲ ಗೊತ್ತಿದ್ದು, ಆ ಒಂದು ಮನೆಯ ಹೊಸ್ತಿಲೊಳಗೆ ಮಾತ್ರ ಯಾರೂ ಆಡದ್ದು.

ಕಾಕಾನ ವ್ಯಾಪಾರದ ಚತುರತೆ ನೋಡಬೇಕೆಂದರೆ ಬೀಗರು ಬಂದ ದಿನ ಬರಬೇಕು. ಅವಲಕ್ಕಿ ಚಹಾ ಮುಗಿದದ್ದೇ ಅವರನ್ನು ಗುಡಿಗೆ ಕರೆದೊಯ್ಯುತ್ತಾನೆ. 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದದ್ದು, ಎಲ್ಲ ಒಂದೇ ಉಸಿರಿಗೆ ಹೇಳುತ್ತಾನೆ. ನಿಲ್ಲುವುದು ಪಕ್ಕದ ಸಣ್ಣ ಗುಡಿಗಳ ಎದುರು. ದಂಡನಾಯಕ ತನ್ನ ತಂದೆತಾಯಿಗಳ ಹೆಸರಲ್ಲಿ ಮಾಡಿಸಿದ ಮೂರ್ತಿನಾರಾಯಣ, ಚಂದ್ರಲೇಶ್ವರಿ ಅವು. "ನೋಡ್ರಿ ನಮ್ಮೂರ ಹುಡುಗರು ಎಂಥವ್ರು. ಹಡೆದವ್ರಿಗೆ ಗುಡಿ ಕಟ್ಟಿಸ್ಯಾರ. ಅತ್ತಿ-ಮಾವನ್ನ ಬಿಡ್ತಾರೇನು?" ಒಂಬೈನೂರು ವರ್ಷದ ಹಿಂದಿನ ದಂಡನಾಯಕ ಇವತ್ತಿನ ವರನಿಗೆ ಜಾಮೀನು!

ಆಮೇಲೆ 371 ಜೆ. ಸಂವಿಧಾನಕ್ಕೆ ಆ ಕಲಂ ಸೇರಿ 2013ರಲ್ಲಿ ಜಾರಿಗೆ ಬಂದಾಗ ನಮ್ಮ ಭಾಗದ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು. ಕಾಕಾನಿಗೆ ಸಿಕ್ಕಿದ್ದು ಹೊಸದೊಂದು ಜಾತಕ. ಗದಗ ಜಿಲ್ಲೆಯ ಗಡಿ ಇಲ್ಲೇ ಹತ್ತಿರ, ಆದರೆ ಗದಗಿನವರಿಗೆ 371 ಜೆ ಇಲ್ಲ. ಹೀಗಾಗಿ ಆ ಕಡೆಯ ವರ ಎಷ್ಟೇ ಕೆಂಪಗಿದ್ದರೂ ಕಾಕಾ ಮೂಗು ಮುರಿಯುತ್ತಾನೆ: "ಹುಡುಗ ಚಂದ ಅದಾನ, ಆದ್ರ ಗಡಿ ದಾಟ್ಯಾನ."

ಬುಕ್ಕಿನ ಕೊನೆಯಲ್ಲಿ ಮೂಲೆ ಮಡಚಿದ ಪುಟಗಳಿವೆ. ಅವು ಉಡಿಕಿಯವು. ವಿಧವೆಯರ ಮರುಮದುವೆಗೆ ಬ್ರಿಟಿಷರು ಕಾಯ್ದೆ ಮಾಡಿದ್ದು 1856ರಲ್ಲಿ. ನಮ್ಮ ಸೀಮೆ ಆಗ ನಿಜಾಮನದು. ಕಾಯ್ದೆಯ ಹಂಗಿಲ್ಲದೆ ನಮ್ಮ ಎಷ್ಟೋ ಸಮಾಜಗಳಲ್ಲಿ ಉಡಿಕಿ ನಡೆದೇ ಇತ್ತು. ಕತ್ತಲಾದ ಮೇಲೆ, ಬಾಸಿಂಗವಿಲ್ಲದೆ, ವಾಲಗವಿಲ್ಲದೆ, ಸೀರೆ ಉಡಿಸಿ ಮುಗಿಸಿಬಿಡುವುದು. ಬದುಕು ಕೊಡುತ್ತಿದ್ದರು, ಬೆಳಕು ಕೊಡುತ್ತಿರಲಿಲ್ಲ. ಇದು ನನ್ನ ಮಾತು, ಕಾಕಾನದಲ್ಲ.

ಹೋದ ವರ್ಷ ಆ ಮಡಚಿದ ಪುಟದಿಂದ ಒಂದು ಸಂಬಂಧ ಎದ್ದಿತು. ಅವನಿಗೆ ಐವತ್ತು ದಾಟಿದೆ, ಹೆಂಡತಿ ಇಲ್ಲ. ಅವಳು ಅಂಗನವಾಡಿ ಟೀಚರು, ಗಂಡ ತೀರಿ ಹನ್ನೆರಡು ವರ್ಷ. ಇಬ್ಬರೂ ಹರೆಯದಲ್ಲಿ ಗುಡಿಯ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ನೀರಿಗೆ ಹರಳು ಒಗೆದವರೇ. ಅವನು ಈ ದಂಡೆ, ಅವಳು ಆ ದಂಡೆ. ಅಲೆಗಳು ಮಾತ್ರ ನಡುವೆ ಕೂಡುತ್ತಿದ್ದವು. 1996ರಲ್ಲಿ ಮಾತುಕತೆಯೂ ಆಗಿತ್ತು. ಆಗ ಕಾಕಾ ನಡುವೆ ಬಂದು, ಎರಡೂ ಮನೆಯ ಬೆಡಗು (ಗೋತ್ರ ಅನ್ನಿ) ಒಂದೇ, ಅಣ್ಣ-ತಂಗಿ ಆಗ್ತಾರ ಎಂದುಬಿಟ್ಟ. ಮುರಿಯಿತು. ಅವಳನ್ನು ನೀರಾವರಿ ಹೊಲದ ಕಡೆ ಕೊಟ್ಟರು.

ಈಗ ಬೆಂಗಳೂರಲ್ಲಿರುವ ಅವನ ಮಗಳೇ ಕಾಕಾನಿಗೆ ಫೋನು ಹಚ್ಚಿ, "ಅಪ್ಪಗ ಆ ಟೀಚರ್‌ನ ಕೇಳ್ರಿ ಅಜ್ಜಾ" ಎಂದಳಂತೆ. ಮಗಳಿಗೆ ಹೇಗೆ ಗೊತ್ತು? ಗುಟ್ಟಲ್ಲವೇ, ಗೊತ್ತಿರಲೇಬೇಕು.

ಕಾಕಾ ಟೀಚರಳ ಮನೆಗೆ ಹೋದ ಸಂಜೆ ನಾನೂ ಜೊತೆಗಿದ್ದೆ. ಎಂಬತ್ತರ ಅವ್ವ ಕಂಬಕ್ಕೊರಗಿ ಎಲೆಯಡಿಕೆ ಕುಟ್ಟುತ್ತ ಕೂತಿದ್ದಳು. ಎಲ್ಲ ಕೇಳಿ, ಕುಟ್ಟುವುದು ನಿಲ್ಲಿಸದೇ ಅಂದಳು:

"ಆಗ ಬೆಡಗು ಒಂದಾಗಿತ್ತಲ್ಲೋ ತಮ್ಮಾ. ಈಗ ಎರಡು ಹೆಂಗಾತು?"

ಕಾಕಾ ಟವೆಲ್ಲು ತೆಗೆದು ಕೊಡವಿದ. "ಆಗ ನಾವೆಲ್ಲಾ ರಾಯಚೂರು ಜಿಲ್ಲಾದಾಗ ಇದ್ವಿ. 1997ರಾಗ ಜಿಲ್ಲಾ ಒಡೆದು ಕೊಪ್ಪಳ ಆತು. ಆಮ್ಯಾಲೆ ಯಲಬುರ್ಗಾ ಒಡೆದು ಕುಕನೂರು ತಾಲೂಕು ಆತು. ಇಷ್ಟೆಲ್ಲಾ ಒಡೀತು, ಒಂದು ಬೆಡಗು ಒಡೀಬಾರದೇನವ್ವಾ?"

ಮುದುಕಿ ನಕ್ಕಳು. ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೇರಿತು. ಮಗಳು ಒಳಗಿನಿಂದ ನೀರು ತಂದು ಬೆನ್ನು ಸವರಿದಳು. ಉಸಿರು ತಿರುಗಿದ ಮೇಲೆ ಮುದುಕಿ ಮಗಳ ಮುಖ ನೋಡದೆ, ಕುಟ್ಟಣಿಯನ್ನೇ ನೋಡುತ್ತ ಹೇಳಿದಳು: "ಅವಂದೇನೂ ತಪ್ಪಿಲ್ಲವ್ವಾ. ಬೆಡಗು ಒಂದ ಅಂತ ಹೇಳಾಕ ಧೋತರ ಜೋಡಿ ಕೊಟ್ಟಾಕಿ ನಾನ. ನೀರಾವರಿ ಹೊಲಕ್ಕ ಆಸೆ ಬಿದ್ದಿದ್ದೆ."

ನೀರಿನ ತಂಬಿಗೆ ಹಾಗೇ ನಿಂತಿತು. ಇಷ್ಟು ವರ್ಷ ಊರು ಬೈದದ್ದು ಕಾಕಾನನ್ನು. ಈ ಟೀಚರಂತೂ ಇವನು ಎದುರಾದರೆ ಓಣಿ ಬದಲಿಸುತ್ತಿದ್ದಳು. ಬಾಯಿಬಡುಕ ಕಾಕಾ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಎಂದರೆ ನಂಬುವುದು ಹೇಗೆ? ಅವನು ಮಾತ್ರ ತಪ್ಪು ಸಿಕ್ಕಿಬಿದ್ದವನಂತೆ ಚೀಲದ ಜಿಪ್ಪು ಎಳೆಯುತ್ತ, "ಅದು ಒಂದ ತೊಳಿಗೆ ಹಿಂಜಿ ಹೋತು, ಸುಳ್ಳಿನ ಧೋತರ" ಎಂದ. ಟೀಚರು ತಂಬಿಗೆಯನ್ನು ಅವನ ಮುಂದಿಟ್ಟು, "ಚಹಾಕ್ಕ ಸಕ್ರಿ ಎಷ್ಟು ಹಾಕ್ಲಿ ಕಾಕಾ?" ಎಂದು ಒಳಗೆ ಹೋದಳು.

ಮದುವೆ ಹಾಡಹಗಲಿಗೆ ಆಯಿತು. ಹನ್ನೊಂದೂವರೆಗೆ, ವಾಲಗದೊಂದಿಗೆ. ಕಾಕಾ ಹೊಸ ಧೋತರ ಉಟ್ಟಿದ್ದ; ಕೊಟ್ಟವರು ಯಾರೆಂದು ಊರಿಗೆಲ್ಲ ಗೊತ್ತು, ನಾನು ಬರೆಯುವುದಿಲ್ಲ.

ನೀವು ಇಟಗಿಗೆ ಗುಡಿ ನೋಡಲು ಬಂದರೆ ಕಾಕಾನ ಪಕ್ಕ ಒಂದು ಚಹಾ ಕುಡಿಯಿರಿ. ಮನೆಯಲ್ಲಿ ಮದುವೆಗೆ ಬಂದವರಿದ್ದರೆ, ವಯಸ್ಸು ಎಷ್ಟೇ ಇರಲಿ, ಧಾರಾಳವಾಗಿ ಹೆಸರು ಬರೆಸಿ. ಬೆಡಗು ಮಾತ್ರ ಮೊದಲೇ ಹೇಳಬೇಡಿ.