ಹಿಮಾಭಾವ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆರಂಭಿಸಲಿ, ಅದನ್ನು ಓದಲು ಅಧಿಕಾರಿ ಯಾರೆಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಹಿರಿಯರ ಪದ್ಧತಿ. ಹೆಗಲ ಮೇಲೆ ಒಂದು ಜೊತೆ ಸ್ಕೀ, ನಡೆಯಲು ಬಾರದ ಬೂಟು, ಮಂಜೂರಾದ ರಜೆ, ಹಣ ವಾಪಸಾಗದ ಟಿಕೆಟ್ಟು, ಇಷ್ಟನ್ನೂ ಹೊಂದಿದ್ದು, ಕಂದು ಹುಲ್ಲಿನ ಇಳಿಜಾರಿನ ಎದುರು ನಿಂತು ‘ನಾಳೆ ಬೀಳಬಹುದು’ ಎನ್ನುವವನೇ ಪ್ರಕೃತ ಶಾಸ್ತ್ರಕ್ಕೆ ಅಧಿಕಾರಿ. ಇವುಗಳಲ್ಲಿ ಕೊನೆಯ ಲಕ್ಷಣವೇ ಪ್ರಧಾನ. ಮೊದಲ ನಾಲ್ಕೂ ಇದ್ದು ಕೊನೆಯದೊಂದು ಇಲ್ಲದವನು ಬರೀ ಪ್ರವಾಸಿ. ಅವನು ಗೊಂಡೋಲಾ ಹತ್ತಿ, ಫೋಟೋ ತೆಗೆಸಿಕೊಂಡು, ಕಹ್ವಾ ಕುಡಿದು ಊರಿಗೆ ಮರಳುತ್ತಾನೆ. ಅವನಿಗೆ ಶಾಸ್ತ್ರದ ಹಂಗಿಲ್ಲ.

ಇನ್ನು ವಿಷಯ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. ಸಮುದ್ರಮಟ್ಟದಿಂದ 2,650 ಮೀಟರ್ ಎತ್ತರದ ಆ ಬಟ್ಟಲಿನಲ್ಲಿ, ಮೊಣಕಾಲುದ್ದ ಹಿಮ ಇರಬೇಕಾದ ದಿನಗಳಲ್ಲಿ, ಒಣಹುಲ್ಲು ಕಾಣುತ್ತಿತ್ತು. ಕಾಶ್ಮೀರದ ಪಂಚಾಂಗದಲ್ಲಿ ಡಿಸೆಂಬರ್ 21ರಿಂದ 40 ದಿನ ‘ಚಿಲ್ಲಾಯಿ ಕಲಾನ್’. ಆಗ ಬಿದ್ದ ಹಿಮವೇ ಹಿಮ. ಹೆಪ್ಪುಗಟ್ಟಿ ನಿಲ್ಲುತ್ತದೆ, ಬೇಸಿಗೆಯ ತೊರೆಗಳನ್ನೂ ಸಾಕುತ್ತದೆ. ಅದರ ಹಿಂದೆ ಬರುವ 20 ದಿನದ ‘ಚಿಲ್ಲಾಯಿ ಖುರ್ದ್’, 10 ದಿನದ ‘ಚಿಲ್ಲಾಯಿ ಬಚ್ಚಾ’ ಎಂಬ ಕಿರಿಯರ ಕಾಲದಲ್ಲಿ ಬಿದ್ದದ್ದು ಬಹಳ ದಿನ ಬಾಳುವುದಿಲ್ಲ. ಆ ವರ್ಷ ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ತರಬೇಕಾದ ಪಶ್ಚಿಮದ ಮಾರುತಗಳು ಕೈಕೊಟ್ಟವು. ಹಿರಿಯಣ್ಣ ಬಹುತೇಕ ಬರಿಗೈಯಲ್ಲೇ ದಿನ ಕಳೆದ. ಮಸೀದಿಗಳಲ್ಲಿ ಮಳೆ–ಹಿಮಕ್ಕಾಗಿ ವಿಶೇಷ ಪ್ರಾರ್ಥನೆ ನಡೆಯಿತು.

ಈಗ ಪ್ರಶ್ನೆ: ಹಿಮ ಇಲ್ಲ ಎಂಬುದನ್ನು ಸ್ಕೀಯರ್ ತಿಳಿಯುವುದು ಯಾವ ಪ್ರಮಾಣದಿಂದ? ನೈಯಾಯಿಕರು ‘ಪ್ರತ್ಯಕ್ಷದಿಂದಲೇ’ ಎನ್ನುತ್ತಾರೆ. ಬರಿನೆಲ ಕಣ್ಣಿಗೆ ಬೀಳುವಾಗ ಅದರ ವಿಶೇಷಣವಾಗಿ ಅಭಾವವೂ ಬೀಳುತ್ತದೆ. ಭಾಟ್ಟ ಮೀಮಾಂಸಕರು ಒಪ್ಪುವುದಿಲ್ಲ. ಇಲ್ಲದ್ದನ್ನು ಕಣ್ಣು ಮುಟ್ಟುವುದೆಂತು? ಇದ್ದಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ. ಇದು ‘ಅನುಪಲಬ್ಧಿ’ ಎಂಬ ಬೇರೆಯೇ ಪ್ರಮಾಣ. ನೂರಾರು ವರ್ಷ ನಡೆದ ಈ ವಾದವನ್ನು ಸ್ಕೀಯರ್ ಒಂದೇ ಏಟಿಗೆ ಮುಗಿಸಿದ್ದಾನೆ. ಅವನ ಮತದಲ್ಲಿ ಪ್ರತ್ಯಕ್ಷ ದುರ್ಬಲ, ಅನುಪಲಬ್ಧಿ ಅದಕ್ಕಿಂತ ದುರ್ಬಲ, ಆಪ್ತವಾಕ್ಯವೂ ಬೇಡ, ಆ್ಯಪ್‌ವಾಕ್ಯವೊಂದೇ ಪ್ರಬಲ. ಫೋನಿನ ಪರದೆ ಹತ್ತು ದಿನದಾಚೆ ನೀಲಿ ಚುಕ್ಕೆ ತೋರಿಸಿತೋ, ಕಾಲಡಿಯ ಒಣಹುಲ್ಲು ಭ್ರಾಂತಿ ಎನಿಸಿಕೊಳ್ಳುತ್ತದೆ. ಒಂದು ಆ್ಯಪ್ ಬಿಸಿಲೆಂದರೆ ಇನ್ನೊಂದನ್ನು ನೋಡುತ್ತಾನೆ. ಎಲ್ಲವೂ ಬಿಸಿಲೆಂದರೆ ಹೋಟೆಲಿನ ಮಾಣಿಯನ್ನು ಕೇಳುತ್ತಾನೆ.

ಅಭಾವ ನಾಲ್ಕು ಬಗೆಯೆಂದು ತಾರ್ಕಿಕರು. ಮೊದಲನೆಯದು ಪ್ರಾಗಭಾವ, ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಅದಕ್ಕೆ ಆದಿಯಿಲ್ಲ, ಅಂತ್ಯ ಮಾತ್ರ ಉಂಟು. ಸ್ಕೀಯರ್ ಆರಾಧಿಸುವುದು ಇದೊಂದನ್ನೇ. ಡಿಸೆಂಬರ್‌ನಲ್ಲಿ ಹಿಮವಿಲ್ಲದ್ದು ಪ್ರಾಗಭಾವ, ಜನವರಿಯದ್ದೂ ಪ್ರಾಗಭಾವ. ಮಾರ್ಚ್ ಆದರೂ ‘ಇನ್ನೂ ಬಿದ್ದಿಲ್ಲ’ ಎನ್ನುವನೇ ಹೊರತು ‘ಬೀಳಲಿಲ್ಲ’ ಎನ್ನಲಾರ. ‘ಹುಟ್ಟೂರಿನಲ್ಲೇ ಹಿಮವಿಲ್ಲದವರ ಪಾಡೇನು?’ ಎಂದು ಪೂರ್ವಪಕ್ಷಿ ಆಕ್ಷೇಪಿಸಬಹುದು. ಅದಕ್ಕೆ ಕೊಡಗೇ ಉತ್ತರ. ಮಳೆಗೆ ಹೆಸರಾದ, ಹಿಮದ ಸುಳಿವೂ ಇಲ್ಲದ ಆ ನಾಡಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿ, 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ವರೆಗೆ ಹೋದರು. ಪ್ರಾಗಭಾವಕ್ಕೆ ಅಂತ್ಯವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ತರ್ಕಗ್ರಂಥಗಳಲ್ಲೂ ಸಿಗಲಿಕ್ಕಿಲ್ಲ. ಕ್ರಾಸ್‌ಕಂಟ್ರಿಯವರು ಜಾಣರು ಕೂಡ. ಹಿಮವಿಲ್ಲದ ತಿಂಗಳುಗಳಲ್ಲಿ ಗಾಲಿಯ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೇ ಅಭ್ಯಾಸ ನಡೆಸುತ್ತಾರೆ. ಬೆಟ್ಟದಿಂದ ಜಾರುವ ಪಂಥದವರು ಅದನ್ನು ಕಂಡು ಮೂಗು ಮುರಿದು ಹುಲ್ಲು ನೋಡುತ್ತ ಕೂರುತ್ತಾರೆ.

ಎರಡನೆಯದು ಪ್ರಧ್ವಂಸಾಭಾವ, ಇದ್ದದ್ದು ನಾಶವಾದ ಮೇಲಿನ ಸ್ಥಿತಿ. ರಾತ್ರಿ ಬಿದ್ದ ಹಿಮದ ಮೇಲೆ ಬೆಳಿಗ್ಗೆ ಮಳೆ ಹೊಯ್ಯುವುದು ಇದರ ಉದಾಹರಣೆ. ಆಗ ಅಲ್ಲಲ್ಲಿ ತೇಪೆಯಂತೆ ಉಳಿದ ಹಿಮದ ಮೇಲೆ ಜಾರಲು ವೃತ್ತಿಪರರು ಹಳೆಯ ಸ್ಕೀ ಜೊತೆಯೊಂದನ್ನು ಬೇರೆಯೇ ಇಟ್ಟಿರುತ್ತಾರೆ, ಕಲ್ಲಿಗೆ ಬಲಿಕೊಡಲೆಂದೇ. ಹೊಸದನ್ನೇ ಇಳಿಸಿದವನಿಗೆ ಪ್ರಾಯಶ್ಚಿತ್ತ ವಿಧಿ ಹೀಗಿದೆ. ಸ್ಕೀಯನ್ನು ಬೆಂಚಿನ ಮೇಲೆ ಮಗುಚಿ ಹಾಕಬೇಕು. ಅಡಿಯ ನುಣುಪಾದ ಪಾಲಿಎಥಿಲೀನ್ ಪದರದಲ್ಲಿ ಕಲ್ಲು ಗೀರಿದ ಗಾಯ ಉದ್ದಕ್ಕೆ ಬಿದ್ದಿರುತ್ತದೆ. ಆಳವಾಗಿದ್ದರೆ ಒಳಗಿನ ತಿರುಳೇ ಇಣುಕುತ್ತದೆ. ಅದೇ ಪ್ಲಾಸ್ಟಿಕ್‌ನ ಪೆನ್ಸಿಲ್ ಗಾತ್ರದ ಕಡ್ಡಿಗೆ ಬೆಂಕಿ ಹಚ್ಚಿ, ಗಾಯಕ್ಕೆ ತೀರಾ ಹತ್ತಿರ ಹಿಡಿದು, ಹನಿಹನಿಯಾಗಿ ತುಂಬಬೇಕು. ಜ್ವಾಲೆ ದೊಡ್ಡದಾದರೆ ಹನಿಯಲ್ಲಿ ಮಸಿ ಸೇರಿ ಹಿಡಿತ ಕೆಡುತ್ತದೆ, ಆದ್ದರಿಂದ ನೀಲಿ ಬಣ್ಣದ ಕಿರುಜ್ವಾಲೆಯೇ ಸಾಧು. ಆರಿದ ಮೇಲೆ ಉಕ್ಕಿನ ಪಟ್ಟಿಯಿಂದ ಕೆರೆದು ಸಮ ಮಾಡಿ, ಮೇಣ ಕಾಯಿಸಿ ಸವರುವುದು. ಕೋಣೆಯೆಲ್ಲ ಸುಟ್ಟ ಪ್ಲಾಸ್ಟಿಕ್ ವಾಸನೆ. ಮರುದಿನ ಅದೇ ಕಲ್ಲು, ಅದೇ ಗಾಯ.

ಮೂರನೆಯದಾದ ಅನ್ಯೋನ್ಯಾಭಾವ ಈ ಶಾಸ್ತ್ರದ ಹೃದಯಭಾಗ. ಘಟ ಪಟವಲ್ಲ, ಪಟ ಘಟವಲ್ಲ ಎಂಬಂತೆ ಯಂತ್ರದ ಹಿಮವು ಹಿಮವೋ ಅಲ್ಲವೋ ಎಂಬುದೇ ಇಲ್ಲಿನ ವಾದ. ಆಕಾಶದಲ್ಲಿ ಹರಳು ನಿಧಾನವಾಗಿ ಬೆಳೆದು ಆರು ತೋಳು ಚಾಚುತ್ತದೆ. ಯಂತ್ರವೋ ನೀರನ್ನು ಸಣ್ಣ ಹನಿಗಳಾಗಿ ಒಡೆದು ಗಾಳಿಯ ಒತ್ತಡದಲ್ಲಿ ಉಗುಳುತ್ತದೆ; ಹನಿ ನೆಲ ಮುಟ್ಟುವಷ್ಟರಲ್ಲಿ ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟಿ ಗುಂಡು ಕಾಳಾಗುತ್ತದೆ. ಹೊಸ ಹಿಮಕ್ಕಿಂತ ಹಲವು ಪಟ್ಟು ಸಾಂದ್ರ, ಬಿದ್ದವನ ಸೊಂಟಕ್ಕೆ ಇದು ತಕ್ಷಣ ಗೊತ್ತಾಗುತ್ತದೆ. ಆದರೆ ರೇಸಿನವರ ಪಂಥ ಇದನ್ನೇ ಶ್ರೇಷ್ಠವೆನ್ನುತ್ತದೆ: ಗಟ್ಟಿ, ಸಮ, ಮೊದಲು ಇಳಿದವನಿಗೂ ಕೊನೆಯವನಿಗೂ ಹೆಚ್ಚುಕಡಿಮೆ ಒಂದೇ ದಾರಿ. ಒಲಿಂಪಿಕ್ಸ್‌ನಲ್ಲಿ ಇದರ ಪ್ರವೇಶ 1980ರಲ್ಲಿ, ಲೇಕ್ ಪ್ಲ್ಯಾಸಿಡ್‌ನಲ್ಲಿ. 2022ರ ಬೀಜಿಂಗ್ ಹೊತ್ತಿಗೆ ಇಳಿಜಾರುಗಳು ಹೆಚ್ಚುಕಡಿಮೆ ಪೂರ್ತಿ ಯಂತ್ರದ್ದೇ. ಗುಲ್ಮಾರ್ಗ್‌ನ ತಪ್ಪಲಿನಲ್ಲಿ ಬೆಳೆದ ಆರಿಫ್ ಖಾನ್, ಆ ಕೂಟಕ್ಕೆ ಭಾರತದಿಂದ ಹೋದ ಏಕೈಕ ಕ್ರೀಡಾಪಟು, ಆ ಗುಂಡುಕಾಳಿನ ಮೇಲೆಯೇ ಇಳಿದು ಜೈಂಟ್ ಸ್ಲಾಲಮ್‌ನಲ್ಲಿ 45ನೆಯವರಾದರು. ಒಣಹವೆಯ ಬೀಜಿಂಗ್ ಹಿಮ ತಯಾರಿಸಿಕೊಂಡಿತು; ಹಿಮದ ತವರು ಆಕಾಶ ನೋಡುತ್ತ ಕೂತಿತು.

ಖರ್ಚಿನ ಲೆಕ್ಕವೂ ಶಾಸ್ತ್ರದ ಅಂಗವೇ. ಒಂದು ಹೆಕ್ಟೇರ್ ಇಳಿಜಾರಿನ ಮೇಲೆ ಒಂದಡಿ ದಪ್ಪ ಯಂತ್ರಹಿಮ ಹರಡಲು ಸುಮಾರು 10ರಿಂದ 12 ಲಕ್ಷ ಲೀಟರ್ ನೀರು ಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ 12,000 ಲೀಟರಿನ ಸರಿಸುಮಾರು ನೂರು ಟ್ಯಾಂಕರ್. ಇಷ್ಟು ನೀರು, ಪಂಪು, ವಿದ್ಯುತ್ ಎಲ್ಲ ಒದಗಿದರೂ ಯಂತ್ರಕ್ಕೆ ಚಳಿ ಬೇಕು. ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ಸೊನ್ನೆಗಿಂತ ಒಂದೆರಡು ಡಿಗ್ರಿಯಾದರೂ ಕೆಳಗಿಳಿಯದಿದ್ದರೆ ಯಂತ್ರ ಉಗುಳುವುದು ಬರೀ ನೀರನ್ನು. ಅಂದರೆ ಚಳಿ ಇಲ್ಲವೆಂದು ಕೊಂಡ ಯಂತ್ರವೂ ಚಳಿ ಬರಲೆಂದು ಕಾಯುತ್ತ ನಿಲ್ಲುತ್ತದೆ. ಉತ್ತರಾಖಂಡದ ಔಲಿಯಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಹೊತ್ತಿಗೆ ಯಂತ್ರಗಳು ಬಂದವು. ಆಮೇಲೂ ಹಿಮವಿಲ್ಲವೆಂದು ಅಲ್ಲಿ ಕೂಟಗಳು ರದ್ದಾಗಿವೆ.

ಯಂತ್ರಕ್ಕೆ ಮೊದಲು ಇದ್ದದ್ದು ಹೊತ್ತು ತರುವ ಪಂಥ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮೊಹಾಕ್ ಬೆಟ್ಟದ ಸ್ಕೀ ತಾಣದ ಒಡೆಯ ವಾಲ್ಟ್ ಶೋನೆಕ್ಟ್, ಹಿಮ ಬಾರದ ಒಂದು ಚಳಿಗಾಲದಲ್ಲಿ, ನೂರಾರು ಟನ್ ಮಂಜುಗಡ್ಡೆ ತರಿಸಿ ಪುಡಿಮಾಡಿಸಿ ಇಳಿಜಾರಿಗೆ ಹರಡಿಸಿದ. 1950ರಲ್ಲಿ ಹಿಮಯಂತ್ರದ ಮೊದಲ ಪ್ರಯೋಗಗಳು ನಡೆದದ್ದೂ ಅದೇ ರಾಜ್ಯದಲ್ಲಿ. 1964ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್ ಹೊತ್ತಿಗೆ ಹಿಮ ಕೈಕೊಟ್ಟಾಗ ಆಸ್ಟ್ರಿಯಾದ ಸೈನ್ಯ ಸ್ಕೀ ಇಳಿಜಾರುಗಳಿಗೆ 40,000 ಘನ ಮೀಟರ್ ಹಿಮ, ಬಾಬ್‌ಸ್ಲೆಡ್ ದಾರಿಗೆ 20,000 ಮಂಜುಗಡ್ಡೆ ಸಾಗಿಸಿತು. ಯುದ್ಧವಿಲ್ಲದ ಸೈನ್ಯಕ್ಕೆ ಇಷ್ಟು ನಿರುಪದ್ರವಿ ಕೆಲಸ ಇನ್ನೊಂದಿರಲಾರದು. 2010ರಲ್ಲಿ ವ್ಯಾಂಕೂವರ್‌ನ ಸೈಪ್ರೆಸ್ ಬೆಟ್ಟದಲ್ಲಿ ಅಡಿಗೆ ಒಣಹುಲ್ಲಿನ ಮೂಟೆ ಇಟ್ಟು, ಮೇಲೆ ಲಾರಿ–ಹೆಲಿಕಾಪ್ಟರ್‌ಗಳಲ್ಲಿ ತಂದ ಹಿಮ ಹೊದಿಸಿದರು. 2020ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಪಿರನೀಸ್ ಪರ್ವತದ ಲುಶೋಂ–ಸುಪರ್‌ಬಾನ್ಯೇರ್‌ನವರು ಮೇಲಿನ ಬೆಟ್ಟದಿಂದ ಸುಮಾರು 50 ಟನ್ ಹಿಮವನ್ನು ಹೆಲಿಕಾಪ್ಟರ್‌ನಲ್ಲಿ ಕೆಳಕ್ಕೆ ತಂದಾಗ ಸರ್ಕಾರದ ಮಂತ್ರಿಗಳೇ ಗದರಿದರು. ಇಂಧನ ಸುಟ್ಟು ಹವೆ ಕಾಯಿಸಿ, ಕಾದ ಹವೆಗೆ ಕರಗುವ ಹಿಮವನ್ನು ಮತ್ತೆ ಇಂಧನ ಸುಟ್ಟು ತರುವುದರಲ್ಲಿ ಅನವಸ್ಥಾ ದೋಷವಿದೆ ಎಂಬುದು ತಾರ್ಕಿಕನ ತಕರಾರು. ಲಿಫ್ಟ್ ನಡೆಸುವವರ ಲೆಕ್ಕದ ಪುಸ್ತಕದಲ್ಲಿ ಆ ದೋಷಕ್ಕೆ ಅಂಕಣವಿಲ್ಲ.

ದೇವತಾ ಪ್ರಕರಣವನ್ನು ಚುಟುಕಾಗಿ ಮುಗಿಸೋಣ. ಉತ್ತರ ಯುರೋಪಿನ ಪುರಾಣದಲ್ಲಿ ಉಲ್ಲ್ ಎಂಬ ದೇವರಿಗೆ ಸ್ಕೀಯ ನಂಟು. ಹಿಮ ಬೀಳಲೆಂದು ಅವನ ಹೆಸರಿನಲ್ಲಿ ಹಳೆಯ ಸ್ಕೀಗಳನ್ನು ಸುಡುವ ಪದ್ಧತಿ ಸ್ಕೀಯರ್‌ಗಳಲ್ಲಿದೆ. ಅಮೆರಿಕದ ಬ್ರೆಕೆನ್‌ರಿಜ್‌ನಲ್ಲಿ 1963ರಿಂದ ಅವನಿಗೊಂದು ಜಾತ್ರೆಯೂ ನಡೆಯುತ್ತಿದೆ. ಹಿಮ ಬೇಡುವುದಕ್ಕೆ ಬೆಂಕಿ ಹಾಕುವುದು ತರ್ಕಕ್ಕೆ ನಿಲುಕದು. ಅದು ಶ್ರದ್ಧೆಯ ವಿಷಯ.

ಕೊನೆಯದು ಅತ್ಯಂತಾಭಾವ. ಹಿಂದೆಯೂ ಇಲ್ಲ, ಈಗಲೂ ಇಲ್ಲ, ಮುಂದೆಯೂ ಇಲ್ಲ. ದುಬೈಯಲ್ಲಿ 2005ರಿಂದ ಒಂದು ಮಾಲ್‌ನೊಳಗೆ ಸ್ಕೀ ಇಳಿಜಾರಿದೆ. ಹೊರಗೆ ಮರಳು ಕಾದಿರುತ್ತದೆ. ಕೋಪನ್‌ಹೇಗನ್‌ನವರು ಕಸ ಸುಟ್ಟು ವಿದ್ಯುತ್ ತೆಗೆಯುವ ಕಾರ್ಖಾನೆಯ ಚಾವಣಿಗೆ ಪ್ಲಾಸ್ಟಿಕ್ ಹಾಸು ಹೊದಿಸಿ 2019ರಿಂದ ಅದರ ಮೇಲೆ ಜಾರುತ್ತಿದ್ದಾರೆ. ಇವರೆಲ್ಲ ಹಿಮದ ಆಸೆಯನ್ನೇ ಬಿಟ್ಟ ಸಂನ್ಯಾಸಿಗಳಾದ್ದರಿಂದ ಸುಖಿಗಳು. ಬೊಲಿವಿಯಾದ ಚಕಲ್ತಾಯ ಬೇರೆ ಜಾತಿ. 5,300 ಮೀಟರಿಗೂ ಮೇಲೆ, ಜಗತ್ತಿನಲ್ಲೇ ಎತ್ತರದ ಸ್ಕೀ ತಾಣವೆಂಬ ಕೀರ್ತಿ ಅದಕ್ಕಿತ್ತು. ಅದರ ಹಿಮನದಿ 2009ರಲ್ಲಿ ಪೂರ್ತಿ ಇಲ್ಲವಾಯಿತು. ಇದ್ದು ಹೋದದ್ದರಿಂದ ಅದು ಪ್ರಧ್ವಂಸಾಭಾವವೇ, ಆದರೆ ನಂಬಿಕಸ್ಥ ಸ್ಕೀಯರ್ ಅಲ್ಲಿಯೂ ಪ್ರಾಗಭಾವವನ್ನೇ ಕಾಣುತ್ತಾನೆ. ಅವನ ಜೊತೆ ವಾದಿಸಿ ಫಲವಿಲ್ಲ.

ಇಷ್ಟೆಲ್ಲ ವಿಂಗಡಣೆಯಲ್ಲಿ ಒಬ್ಬನಿಗೆ ಜಾಗ ಸಿಗಲಿಲ್ಲ. ಗುಲ್ಮಾರ್ಗ್‌ನಲ್ಲಿ ಮರದ ಜಾರುಬಂಡಿಗೆ ಪ್ರವಾಸಿಗಳನ್ನು ಕೂರಿಸಿ ಹಗ್ಗ ಹಿಡಿದು ಎಳೆಯುವವನು, ಬಾಡಿಗೆ ಬೂಟುಗಳನ್ನು ಸಾಲಾಗಿ ಜೋಡಿಸಿಟ್ಟು ಕಾದವನು, ನಾಲ್ಕು ತಿಂಗಳ ದುಡಿಮೆಯಲ್ಲಿ ವರ್ಷ ತೂಗಿಸುವ ಗೈಡ್. ಅವನಿಗೂ ಹಿಮವಿಲ್ಲ. ಆದರೆ ಅವನಿಗೆ ರಜೆ ಇಲ್ಲ, ಟಿಕೆಟ್ಟಿಲ್ಲ, ರದ್ದು ಮಾಡುವ ಸೌಲಭ್ಯವೂ ಇಲ್ಲ. ಹಾಗಾಗಿ ಶಾಸ್ತ್ರದ ಲಕ್ಷಣದ ಪ್ರಕಾರ ಅಧಿಕಾರಿಯಲ್ಲ. ಲಕ್ಷಣದಲ್ಲಿ ಅವ್ಯಾಪ್ತಿ ದೋಷವಿದೆ ಎಂದು ಯಾರಾದರೂ ಎತ್ತಿ ತೋರಿಸಿದರೆ ಒಪ್ಪಿಕೊಳ್ಳದೆ ವಿಧಿಯಿಲ್ಲ.

ಅಭಾವ ಮುಗಿಯಿತೆಂದರೆ ಸಂಕಟ ಮುಗಿಯಿತೆಂದಲ್ಲ. ತೆಳುವಾಗಿ ಬಿದ್ದ ಹಿಮ ಚಳಿಯಲ್ಲಿ ವಾರಗಟ್ಟಲೆ ಕೂತರೆ ತಳದಲ್ಲಿ ಸಕ್ಕರೆಯಂತೆ ಸಡಿಲ ಹರಳಾಗುತ್ತದೆ. ಆಮೇಲೆ ಒಮ್ಮೆಲೇ ಸುರಿದ ಭಾರವನ್ನು ಅಂಥ ತಳ ಹಿಡಿದುಕೊಳ್ಳದು. ಬರಗಾಲದ ನಂತರದ ಭಾರಿ ಹಿಮವನ್ನು ಪರ್ವತದವರು ಅನುಮಾನದಿಂದಲೇ ನೋಡುತ್ತಾರೆ. ಬೋಳು ಜನವರಿಯ ಬೆನ್ನಿಗೇ, 2024ರ ಫೆಬ್ರುವರಿ 22ರಂದು, ಗುಲ್ಮಾರ್ಗ್‌ನ ಖಿಲನ್‌ಮರ್ಗ್ ಬಳಿ ಹಿಮಕುಸಿತಕ್ಕೆ ರಷ್ಯಾದ ಸ್ಕೀಯರ್ ಒಬ್ಬರು ಬಲಿಯಾದರು. ಇಲ್ಲಿ ಅಣಕಕ್ಕೆ ಕೆಲಸವಿಲ್ಲ.

ಅಭಾವವೂ ಅತಿಯೂ ಸರದಿಯಲ್ಲಿ ಕಾಡುವುದೂ ಉಂಟು. ಯುರೋಪಿನಲ್ಲಿ ಜರ್ಮಾಟ್‌ನಿಂದ ಚೆರ್ವಿನಿಯಾಕ್ಕೆ, ಸ್ವಿಟ್ಜರ್ಲೆಂಡಿನಲ್ಲಿ ಹೊರಟು ಇಟಲಿಯಲ್ಲಿ ಮುಗಿಯುವ ಹೊಸ ವಿಶ್ವಕಪ್ ರೇಸ್ ಏರ್ಪಟ್ಟಿತು. 2022ರಲ್ಲಿ ಹಿಮ ಸಾಲದೆಂದು ನಾಲ್ಕೂ ಸ್ಪರ್ಧೆ ರದ್ದು. 2023ರಲ್ಲಿ ಹಿಮ ಅತಿಯಾಯಿತು, ಗಾಳಿ ಎದ್ದಿತು, ಮತ್ತೆ ರದ್ದು. ಆಮೇಲೆ ರೇಸನ್ನೇ ವೇಳಾಪಟ್ಟಿಯಿಂದ ಕಿತ್ತುಹಾಕಿದರು. ನಮ್ಮಲ್ಲಿ 2025ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗ ಫೆಬ್ರುವರಿ 22ಕ್ಕೆ ಆರಂಭವಾಗಬೇಕಿತ್ತು, ಹಿಮವಿಲ್ಲವೆಂದು ಮುಂದೂಡಿದರು. ಆ ತಿಂಗಳ ಕೊನೆಯಲ್ಲಿ ಕಾಶ್ಮೀರದ ಮೇಲೆ ಹಿಮ ರಾಶಿರಾಶಿ ಸುರಿಯಿತು. ಕೂಟ ನಡೆದದ್ದು ಮಾರ್ಚ್ 9ರಿಂದ.

ಇದನ್ನೆಲ್ಲ ಕೇಳಿಸಿಕೊಂಡ ಶಿಷ್ಯ, ‘ಗುರುಗಳೇ, ಹಾಗಾದರೆ ಗುಲ್ಮಾರ್ಗ್‌ಗೆ ಯಾವಾಗ ಹೋಗುವುದು ಶಾಸ್ತ್ರಸಮ್ಮತ?’ ಎಂದು ಕೇಳಿದ.

‘ಹೋದ ವಾರ’ ಎಂದರು ಗುರುಗಳು.