ಪೇಡೆ ಕೊಟ್ಟರೆ ಠಸ್ಸೆ

ಫಿಲಿಪ್ಪೀನ್ಸಿನಲ್ಲಿ ಪಾಸ್ತಿಲ್ಯಾಸ್ ಅಂತ ಒಂದು ಮಿಠಾಯಿ ಇದೆ. ಎಮ್ಮೆ ಹಾಲಿಗೆ ಸಕ್ಕರೆ ಹಾಕಿ ಬತ್ತಿಸಿ, ಬೆರಳಿನ ಗಾತ್ರಕ್ಕೆ ಹೊಸೆದು, ಕಾಗದದಲ್ಲಿ ಸುರುಳಿ ಸುತ್ತುತ್ತಾರೆ. ನಮ್ಮ ಧಾರವಾಡ ಪೇಡೆಗೆ ದೂರದ ನೆಂಟ ಅನ್ನಿ. ಬುಲಕಾನ್ ಪ್ರಾಂತ್ಯದ ಸಾನ್ ಮಿಗೆಲ್ ಎಂಬ ಊರು ಇದಕ್ಕೆ ಹೆಸರುವಾಸಿ. ಮನಿಲಾ ವಿಮಾನ ನಿಲ್ದಾಣದ ಕೆಲವು ವಲಸೆ ಅಧಿಕಾರಿಗಳು ಇದೇ ಹೆಸರಿನಲ್ಲಿ ಇನ್ನೊಂದು ಖಾದ್ಯ ಕಂಡುಹಿಡಿದರು. ಸುತ್ತುವ ಬಿಳಿ ಕಾಗದ ಅದೇ. ಒಳಗೆ ಹಾಲಿನ ಬದಲು ನೋಟು.

2020ರ ಫೆಬ್ರುವರಿಯಲ್ಲಿ ಸೆನೆಟರ್ ರಿಸಾ ಹೊಂಟಿವೆರೋಸ್ ಸೆನೆಟ್ ವಿಚಾರಣೆಯಲ್ಲಿ ಈ ಪೊಟ್ಟಣ ಬಿಚ್ಚಿದರು. ಒಳಗಿನ ಗುಟ್ಟು ಹೇಳಿದವನು ವಲಸೆ ಇಲಾಖೆಯದೇ ಒಬ್ಬ ಅಧಿಕಾರಿ. ಆನ್‌ಲೈನ್ ಜೂಜಿನ ಕಂಪನಿಗಳಿಗೆ, ಅಲ್ಲಿಯವರ ಬಾಯಲ್ಲಿ ಪೋಗೊಗಳಿಗೆ, ಚೀನಾದಿಂದ ಕೆಲಸದವರು ಬೇಕು. ಚೀನಾದಲ್ಲಿ ಜೂಜು ನಿಷಿದ್ಧ, ಆಡುವವರೇನೂ ಕಡಿಮೆಯಿಲ್ಲ. ಹಾಗಾಗಿ ಅಂಗಡಿಯನ್ನು ಸಮುದ್ರದಾಚೆ ಇಟ್ಟಿದ್ದರು. ಬರುವವನ ತಲೆಗೆ ಹತ್ತು ಸಾವಿರ ಪೆಸೊ ಲಂಚ, ಆಗಿನ ಲೆಕ್ಕದಲ್ಲಿ ಸುಮಾರು ಹದಿನಾಲ್ಕು ಸಾವಿರ ರೂಪಾಯಿ. ವಿಮಾನ ಇಳಿಯುವ ಮೊದಲೇ ಅವನ ಹೆಸರು ವೈಬರ್ ಗುಂಪಿನಲ್ಲಿ ಬಂದಿರುತ್ತಿತ್ತು. ಕೌಂಟರಿನಲ್ಲಿ ಪ್ರಶ್ನೆಯಿಲ್ಲ, ಕಾಯುವುದಿಲ್ಲ. ದೆವ್ವ ಬಂದರೆ ವಾಪಸು ಹೋಗಲಿ ಎಂದು ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಆ ಎರಡು ಪದಗಳನ್ನೇ ನಂಬಿ ನಮ್ಮ ಎಷ್ಟೋ ಕಚೇರಿಗಳು ಇವತ್ತಿಗೂ ನಡೆಯುತ್ತಿವೆ. ಮನಿಲಾದವರು ಮಾತ್ರ ಸಕಾಲ ಯೋಜನೆಯನ್ನು ನಿಜವಾಗಿ ಜಾರಿಗೆ ತಂದಿದ್ದರು.

ಹತ್ತು ಸಾವಿರದಲ್ಲಿ ಇಲಾಖೆಯವರಿಗೆ ಸಿಗುತ್ತಿದ್ದದ್ದು ಎರಡು ಸಾವಿರ, ಅದೂ ಮೇಲಿನಿಂದ ಕೆಳಗಿನವರೆಗೆ ಹಂಚಿಕೊಳ್ಳಬೇಕು. ಉಳಿದ ಎಂಟು ಸಾವಿರ ಏಜೆಂಟರದು, ದಲ್ಲಾಳಿಗಳದು. ಗಡಿ ಮಾರಿದವನಿಗೆ ಹತ್ತರಲ್ಲಿ ಎರಡು, ಮಾರಿಸಿಕೊಟ್ಟವನಿಗೆ ಎಂಟು. ಕೋಲಾರದ ಟೊಮೆಟೊ ಬೆಳೆಗಾರರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೌಂಟರಿನವರಿಗೆ ಪ್ರಶ್ನೆ ಕೇಳಲು ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. 2022ರ ಡಿಸೆಂಬರಿನಲ್ಲಿ ಇಸ್ರೇಲ್ ನೋಡಲು ಹೊರಟ ಒಬ್ಬ ಫಿಲಿಪ್ಪೀನ್ಸಿನ ಹೆಣ್ಣುಮಗಳನ್ನು ಅವರು ಸಾಕಷ್ಟು ಕೇಳಿದರು. ಯಾಕೆ ಹೋಗುತ್ತಿದ್ದೀಯ, ದುಡ್ಡು ಎಲ್ಲಿಂದ ಬಂತು ಎಂದೆಲ್ಲ ಆಯಿತು. ಕೊನೆಗೆ, ನಿನ್ನ ಶಾಲೆಯ ಇಯರ್‌ಬುಕ್ ತಂದಿದ್ದೀಯಾ ಎಂದರು. ಪಾಸ್‌ಪೋರ್ಟ್, ಟಿಕೆಟ್, ಹೋಟೆಲ್ ಚೀಟಿ ಎಲ್ಲವೂ ಇದ್ದವಳ ಬಳಿ ಅದೊಂದು ಇರಲಿಲ್ಲ. ನಾವಾದರೂ ದುಬೈಗೆ ಹೊರಟಾಗ ಹತ್ತನೇ ಕ್ಲಾಸಿನ ಗ್ರೂಪ್ ಫೋಟೊ ಬ್ಯಾಗಿನಲ್ಲಿ ಹಾಕಿಕೊಂಡಿರುತ್ತೇವೆಯೇ? ವಿಮಾನ ಹೋಯಿತು, ಆಕೆ ಉಳಿದಳು. ಮೂರು ತಿಂಗಳ ಮೇಲೆ ಆಕೆಯ ವಿಡಿಯೊ ಊರೆಲ್ಲ ಹರಿದಾಡಿದಾಗ ಇಲಾಖೆ ಕ್ಷಮೆ ಕೇಳಿತು. 2022ರಲ್ಲಿ ಹೀಗೆ ವಿಮಾನ ಹತ್ತಲು ಬಿಡದೆ ನಿಲ್ಲಿಸಿದ್ದು 32 ಸಾವಿರಕ್ಕೂ ಹೆಚ್ಚು ಮಂದಿಯನ್ನು. ಮಾನವ ಕಳ್ಳಸಾಗಣೆ ತಡೆಯಲು ಎಂಬುದು ಇಲಾಖೆಯ ವಿವರಣೆ. ಅವರಲ್ಲಿ ಕಳ್ಳಸಾಗಣೆಗೆ ಸಿಕ್ಕವರೆಂದು ಗೊತ್ತಾದವರು ಐನೂರು ಜನವೂ ಇಲ್ಲ. ಅದೇ 2022ರ ನವೆಂಬರಿನಲ್ಲಿ ಅದೇ ಹೊಂಟಿವೆರೋಸ್ ಇನ್ನೊಂದು ಕಡತ ತೆರೆದಿದ್ದರು: ಮ್ಯಾನ್ಮಾರಿನ ಸೈಬರ್ ವಂಚನೆ ಅಡ್ಡೆಗಳಿಗೆ ಮಾರಾಟವಾದ ಫಿಲಿಪ್ಪೀನ್ಸಿನ ಯುವಕರು ಇದೇ ವಿಮಾನ ನಿಲ್ದಾಣ ದಾಟಿ ಹೋಗಿದ್ದರು. ಅವರ ಇಯರ್‌ಬುಕ್ ಯಾರೂ ಕೇಳಿರಲಿಲ್ಲ.

ಇನ್ನು ಶಿಕ್ಷೆಯ ವಿಷಯ. ಕಥೆ ರಂಗೇರುವುದು ಇಲ್ಲಿಯೇ.

ಪಾಸ್ತಿಲ್ಯಾಸ್‌ಗೂ ಮೊದಲು, 2016ರಲ್ಲಿ, ಒಂದು ದೊಡ್ಡ ಹಬ್ಬದೂಟ ನಡೆದಿತ್ತು. ಕ್ಲಾರ್ಕ್‌ನ ಒಂದು ರೆಸಾರ್ಟಿನಲ್ಲಿ ಜೂಜಿನ ಉದ್ಯಮಿಯೊಬ್ಬನ ಅಡ್ಡೆಯ ಮೇಲೆ ದಾಳಿ ಮಾಡಿ 1,316 ಚೀನೀಯರನ್ನು ಹಿಡಿದರು. ಕೆಲವೇ ದಿನಗಳಲ್ಲಿ ಮನಿಲಾದ ಒಂದು ಕ್ಯಾಸಿನೊ ಹೋಟೆಲಿನಲ್ಲಿ ವಲಸೆ ಇಲಾಖೆಯ ಇಬ್ಬರು ಉಪ ಆಯುಕ್ತರ ಕೈಗೆ ಐದು ಕೋಟಿ ಪೆಸೊ ಬಂತು, ಚೀಲಗಳಲ್ಲಿ. ಸಿಸಿಟಿವಿ ಎಲ್ಲವನ್ನೂ ನೋಡಿತು. ಸಿಕ್ಕಿಬಿದ್ದವರು ಕೊಟ್ಟ ಸಮಜಾಯಿಷಿ: ಅದು ಲಂಚವಲ್ಲ, ಸಾಕ್ಷ್ಯ, ಭ್ರಷ್ಟಾಚಾರದ ತನಿಖೆಗಾಗಿ ಇಟ್ಟುಕೊಂಡಿದ್ದೆವು. ಎರಡು ಕೋಟಿ ಬೇರೆ ಕೈಗಳಿಗೆ ಹೋಗಿ, ಇವರ ಬಳಿ ಉಳಿದ ಸಾಕ್ಷ್ಯ ಮೂರು ಕೋಟಿ. ಸಾಕ್ಷ್ಯವೂ ಸಾಗಿಸುವಾಗ ಸ್ವಲ್ಪ ಆವಿಯಾಗುತ್ತದೆ, ಪೆಟ್ರೋಲಿನ ಹಾಗೆ. ಈ ಇಬ್ಬರೂ ಅಂದಿನ ಅಧ್ಯಕ್ಷ ರೊಡ್ರಿಗೊ ಡುಟರ್ಟೆಯವರ ಕಾಲೇಜು ಬಳಗದ ‘ಸಹೋದರರು’. ಆ ಬಳಗಕ್ಕಿರುವ ಲ್ಯಾಟಿನ್ ಹೆಸರಿನ ಅರ್ಥ ‘ಕಣ್ಣಿಗೆ ಕಣ್ಣು’ ಎಂಬ ನ್ಯಾಯ. ಡುಟರ್ಟೆ ಇಬ್ಬರನ್ನೂ ಕೆಲಸದಿಂದ ತೆಗೆದರು. ಕಣ್ಣುಗಳಿಗೆ ಆಗ ಏನೂ ಆಗಲಿಲ್ಲ.

ಪಾಸ್ತಿಲ್ಯಾಸ್ ತನಿಖೆಯನ್ನು ರಾಷ್ಟ್ರೀಯ ತನಿಖಾ ಬ್ಯೂರೋಗೆ ಒಪ್ಪಿಸಿದರು. ಅದೂ ಚುರುಕಾಗಿ ಕೆಲಸ ಮಾಡಿ 2020ರ ಸೆಪ್ಟೆಂಬರಿನಲ್ಲಿ ಹತ್ತೊಂಬತ್ತು ಮಂದಿಯ ಮೇಲೆ ದೂರು ದಾಖಲಿಸಿತು. ಅದೇ ತಿಂಗಳು ಅದೇ ಬ್ಯೂರೋ ತನ್ನದೇ ಕಾನೂನು ವಿಭಾಗದ ಒಬ್ಬ ಹಿರಿಯ ವಕೀಲನನ್ನು ಬಂಧಿಸಿತು. ಆರೋಪಿಗಳ ಪಟ್ಟಿಯಿಂದ ಹೆಸರು ಬಿಡಿಸುತ್ತೇನೆಂದು ವಲಸೆ ಅಧಿಕಾರಿಗಳಿಂದಲೇ ದುಡ್ಡು ಕೇಳಿದ ಆರೋಪ. ಜೊತೆಗೆ ಸಿಕ್ಕಿಬಿದ್ದ ಅವನ ಸಹೋದರ ವಲಸೆ ಇಲಾಖೆಯದೇ ನೌಕರ. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟು ಸುಮ್ಮನಾದರು. ಬೇಲಿ ರಿಪೇರಿಗೆ ಬಂದವನು ಮೇವಿನಲ್ಲಿ ತನಗೂ ಪಾಲು ಕೇಳುವ ಕಾಲ ಅವರ ಊಹೆಗೆ ಬಂದಿರಲಿಕ್ಕಿಲ್ಲ. ಒಬ್ಬ ಸಹೋದರ ಲಂಚದ ಇಲಾಖೆಯಲ್ಲಿ, ಇನ್ನೊಬ್ಬ ಶಿಕ್ಷೆಯ ಇಲಾಖೆಯಲ್ಲಿ. ಅವಿಭಕ್ತ ಕುಟುಂಬ ಎಂದರೆ ಇದಪ್ಪಾ.

ಅಕ್ಟೋಬರಿನಲ್ಲಿ ನಲವತ್ತನಾಲ್ಕು ಮಂದಿಯನ್ನು ಆರು ತಿಂಗಳಿಗೆ ಅಮಾನತು ಮಾಡಿದರು. ಮರುತಿಂಗಳು ಡುಟರ್ಟೆ ಆರೋಪಿತರನ್ನು ಅರಮನೆಗೇ ಕರೆಸಿಕೊಂಡರು. ಬೈದರು. ನೋಟುಗಳನ್ನು ಪಾಸ್ತಿಲ್ಯಾಸಿನ ಹಾಗೆ ಸುರುಳಿ ಸುತ್ತಿ, ತಿನ್ನಿ ಎಂದು ಮುಂದಿಟ್ಟರೆಂಬುದು ದೊಡ್ಡ ಸುದ್ದಿಯಾಯಿತು. ನಮ್ಮ ಲೋಕಾಯುಕ್ತದವರು ಪುಡಿ ಸವರಿದ ನೋಟು ಹಿಡಿಸಿ, ಆಮೇಲೆ ಕೈ ತೊಳೆಸುತ್ತಾರೆ. ನೀರು ಗುಲಾಬಿಯಾದರೆ ಕೇಸು. ಅಲ್ಲಿ ಕೈ ತೊಳೆಸುವ ಶಾಸ್ತ್ರ ಬಿಟ್ಟು ನೇರವಾಗಿ ಪಂಕ್ತಿಗೆ ಕೂರಿಸಿದರು. ಮಾದಕ ವಸ್ತುವಿನ ಸಂಶಯ ಬಂದವರಿಗೆ ಬೀದಿಯಲ್ಲೇ ಗುಂಡು ಹಾರುತ್ತಿದ್ದ ಆಡಳಿತ ಅದು. ಸಾವಿರಾರು ಬಡವರು ವಿಚಾರಣೆಯಿಲ್ಲದೆ ಸತ್ತರು. ಕೊರಳಿಗೆ ಟೈ ಇದ್ದವರಿಗೆ ಸಿಹಿ ತಿಂಡಿಯ ಸತ್ಕಾರ.

ಕೊನೆಗೂ 2022ರಲ್ಲಿ ಅಲ್ಲಿನ ಒಂಬುಡ್ಸ್‌ಮನ್ ನಲವತ್ತೈದು ಮಂದಿಯನ್ನು ವಜಾ ಮಾಡಿ ಆದೇಶ ಹೊರಡಿಸಿದರು. ಎರಡು ವರ್ಷದ ಮೇಲಾಗಿತ್ತು. ಕೌಂಟರಿನಲ್ಲಿ ಠಸ್ಸೆ ಒತ್ತಲು ಎಷ್ಟು ಹೊತ್ತು ಬೇಕೆಂದು ವಿದೇಶಕ್ಕೆ ಹೋಗಿಬಂದವರಿಗೆ ಗೊತ್ತಿದೆ. ಲಂಚಕ್ಕೆ ದರಪಟ್ಟಿ ಇತ್ತು, ಅವಧಿ ಇತ್ತು, ಮಾತಿಗೆ ತಪ್ಪದ ಸಿಬ್ಬಂದಿ ಇದ್ದರು. ಶಿಕ್ಷೆಯ ಇಲಾಖೆಗೂ ಅವರನ್ನೇ ವರ್ಗ ಮಾಡಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತೇನೋ.

2024ರ ಜುಲೈನಲ್ಲಿ ಈಗಿನ ಅಧ್ಯಕ್ಷ ಫರ್ಡಿನಾಂಡ್ ಮಾರ್ಕೋಸ್ ಜೂನಿಯರ್ ಪೋಗೊಗಳನ್ನೇ ನಿಷೇಧಿಸಿದರು. ಅದೇ ತಿಂಗಳು, ಪೋಗೊ ಪ್ರಕರಣದಲ್ಲಿ ಸೆನೆಟ್ ಹುಡುಕುತ್ತಿದ್ದ ಬಂಬಾನ್ ಪಟ್ಟಣದ ಮೇಯರ್ ಆಲಿಸ್ ಗುವೋ ಯಾರ ಕಣ್ಣಿಗೂ ಬೀಳದೆ ದೇಶ ಬಿಟ್ಟರು. ಸೆಪ್ಟೆಂಬರಿನಲ್ಲಿ ಇಂಡೋನೇಷ್ಯಾದ ಪೊಲೀಸರು ಹಿಡಿದುಕೊಟ್ಟರು. ತಲೆಗಳು ಉರುಳುತ್ತವೆ ಎಂದು ಮಾರ್ಕೋಸ್ ಗುಡುಗಿದ್ದರು. ವಲಸೆ ಇಲಾಖೆಯ ಮುಖ್ಯಸ್ಥರೇ ಹುದ್ದೆ ಕಳೆದುಕೊಂಡರು. ಅಷ್ಟೆಲ್ಲ ಕಾವಲಿದ್ದ ಕೌಂಟರಿನಲ್ಲಿ ಮೇಯರಮ್ಮನ ಇಯರ್‌ಬುಕ್ ಕೇಳುವ ಸಂದರ್ಭವೇ ಬರಲಿಲ್ಲ. ಆಕೆಯ ಪಾಸ್‌ಪೋರ್ಟಿಗೆ ನಿರ್ಗಮನದ ಠಸ್ಸೆಯೇ ಬಿದ್ದಿರಲಿಲ್ಲ.

2025ರ ಜೂನ್‌ನಿಂದ ಫಿಲಿಪ್ಪೀನ್ಸ್ ಭಾರತೀಯ ಪ್ರವಾಸಿಗರಿಗೆ ಹದಿನಾಲ್ಕು ದಿನ ವೀಸಾ ಇಲ್ಲದೆ ಬರಲು ಬಿಟ್ಟಿದೆ. ಹೋದರೆ ಸಾನ್ ಮಿಗೆಲ್ಲಿನ ಪಾಸ್ತಿಲ್ಯಾಸ್ ತಪ್ಪದೆ ತಿನ್ನಿ, ಚೆನ್ನಾಗಿರುತ್ತದೆ. ಮನೆಗೂ ಒಂದು ಡಬ್ಬಿ ಕಟ್ಟಿಸಿಕೊಳ್ಳಿ. ಆದರೆ ವಾಪಸು ಬರುವಾಗ ಅದನ್ನು ದೊಡ್ಡ ಸೂಟ್‌ಕೇಸಿನೊಳಗೇ ಇಡಿ. ಕೈಯಲ್ಲಿ ಹಿಡಿದುಕೊಂಡು ಮಾತ್ರ ವಲಸೆ ಕೌಂಟರಿನ ಮುಂದೆ ನಿಲ್ಲಬೇಡಿ.