ಚಿಪ್ಪಾಚಾರ್ಯರು

ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಯೊಂದರ ಮುಂದೆ, ಹೆಗಲಲ್ಲಿ ಬಟ್ಟೆಯ ಚೀಲ, ಜೇಬಿನಲ್ಲಿ ಭೂತಗನ್ನಡಿ, ಮುಖದಲ್ಲಿ ಸಮಸ್ತ ವರ್ತಕಕುಲದ ಮೇಲಣ ಅವಿಶ್ವಾಸ, ಈ ಮೂರು ಲಕ್ಷಣಗಳಿಂದ ಕೂಡಿದ ವೃದ್ಧರೊಬ್ಬರನ್ನು ನೀವು ಕಂಡಿದ್ದರೆ, ಅವರು ಹಳೆಯ ಮೈಕ್ರೊಪ್ರೊಸೆಸರುಗಳ ಅನ್ವೇಷಕರೆಂದು ನಿಸ್ಸಂಶಯವಾಗಿ ತಿಳಿಯಬಹುದು. ಈ ಪಂಗಡದಲ್ಲಿ ನನ್ನ ಪಾಲಿಗೆ ಬಂದವರನ್ನು ನಾನು ಚಿಪ್ಪಾಚಾರ್ಯರೆಂದು ಕರೆಯುವುದುಂಟು, ಅವರೆದುರಿಗಲ್ಲ.

ಅವರ ಆಪ್ತರೊಬ್ಬರಿಗೆ ಪೀಣ್ಯದಲ್ಲಿ ಸಣ್ಣ ಕಾರ್ಖಾನೆ. ಅಲ್ಲೊಂದು ಹಳೆಯ ಯಂತ್ರ. ಅದರ ಕಬ್ಬಿಣವಿನ್ನೂ ಗಟ್ಟಿ. ಬುದ್ಧಿಯು ಮಾತ್ರ 1976ರಲ್ಲಿ ಹುಟ್ಟಿದ, 40 ಕಾಲುಗಳುಳ್ಳ ಜೆಡ್-80 ಎಂಬ ಚಿಪ್ಪಿನ ಅಧೀನ. ಆ ಮೂಲ ಚಿಪ್ಪಿನ ತಯಾರಿಕೆಯನ್ನು ನಿಲ್ಲಿಸುವುದಾಗಿ 2024ರಲ್ಲಿ ಜೈಲಾಗ್ ಸಂಸ್ಥೆ ಸಾರಿದಂದು ಆಚಾರ್ಯರು ಮಧ್ಯಾಹ್ನದ ಊಟ ಬಿಟ್ಟರು. ರಾತ್ರಿಯ ಊಟಕ್ಕೆ ನಮ್ಮಲ್ಲಿಗೇ ಬಂದು, ಅದರ ದಾಯಾದಿಗಳ ವಂಶಾವಳಿಯನ್ನು ನನಗೊಪ್ಪಿಸಿದರು. ಅಮೆರಿಕದ ಮೋಸ್ಟೆಕ್, ಇಟಲಿಯ ಎಸ್‌ಜಿಎಸ್, ಜಪಾನಿನ ಶಾರ್ಪ್, ಇವರೆಲ್ಲ ಪರವಾನಗಿ ಪಡೆದವರು. ಪೂರ್ವ ಜರ್ಮನಿಯ ಯು-880 ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಜನಿಸಿದ್ದು. “ಆ ಕಾಲದಲ್ಲಿ ಒಬ್ಬನೇ ತಯಾರಕನನ್ನು ನಂಬಿ ಯಂತ್ರ ಕಟ್ಟುವುದಕ್ಕೆ ಜನ ಹೆದರುತ್ತಿದ್ದರು ರಾಯರೇ, ಎರಡನೆಯವನೊಬ್ಬ ಇರಲೇಬೇಕಾಗಿತ್ತು” ಎಂದು ನಿಟ್ಟುಸಿರಿಟ್ಟರು.

ಹಾಗಿದ್ದ ಮೇಲೆ ಪರ್ಯಾಯ ದೊರೆತಂತೆಯೇ ಎಂದು ಭಾವಿಸುವವರು ಆಚಾರ್ಯರನ್ನರಿಯರು. ಅವರ ಪರೀಕ್ಷಾವಿಧಿಯಲ್ಲಿ ಅಸಿಟೋನ್ ಶೀಸೆಯನ್ನು ಹಿಡಿದು ನಿಲ್ಲುವ ಅಧಿಕಾರ ನನ್ನದು. ತರುಣ ಅಂಗಡಿಕಾರನೊಬ್ಬ ಮಿರಮಿರನೆ ಮಿಂಚುವ ಚಿಪ್ಪೊಂದನ್ನು ತೆಗೆದಿಟ್ಟ. ಆಚಾರ್ಯರು ಭೂತಗನ್ನಡಿಯಲ್ಲಿ 9214 ಎಂಬ ಅಂಕಿಯನ್ನೋದಿ, 1992ರ 14ನೆಯ ವಾರದಲ್ಲಿ ಹುಟ್ಟಿದವನಿಗೆ ಇಷ್ಟು ಕಪ್ಪು ಕೂದಲೇ ಎಂದು ಹುಬ್ಬೇರಿಸಿದರು. ಗುಜರಿ ಬೋರ್ಡುಗಳಿಂದ ಕಿತ್ತ ಚಿಪ್ಪುಗಳ ಬೆನ್ನುಜ್ಜಿ, ಕಪ್ಪು ಬಳಿದು, ಬೇಕಾದ ಹೆಸರನ್ನಚ್ಚೊತ್ತುವ ವಿದ್ಯೆಯೊಂದು ಲೋಕದಲ್ಲಿ ಪ್ರಚಲಿತವಾಗಿದೆಯಷ್ಟೆ. ಅಸಿಟೋನಿನಲ್ಲದ್ದಿದ ಹತ್ತಿಯಿಂದೊರೆಸಿದೊಡನೆ ಅಕ್ಷರಗಳು ಕರಗಿದವು, ಆಚಾರ್ಯರ ಮುಖವರಳಿತು. ಎರಡನೆಯ ಚಿಪ್ಪಿನ ಅಕ್ಷರಗಳು ಎಷ್ಟು ಒರೆಸಿದರೂ ಅಳಿಯಲಿಲ್ಲ. ಆಗಲೂ ಅವರು ತೃಪ್ತರಾಗದೆ, “ಇದನ್ನು ಲೇಸರಿನಲ್ಲಿ ಕೊರೆದಿರಬಹುದು, ನಿಪುಣರ ಕೈವಾಡ” ಎಂದು ಇನ್ನಷ್ಟು ಅಸಿಟೋನ್ ಬೇಡಿದರು. ಹುಡುಗ ಅವರನ್ನು ಬಿಟ್ಟು ನನ್ನನ್ನು ನೋಡಿ, “ಸಾರ್, ಇವ್ರು ತಗೊಳ್ಳೋಕ್ ಬಂದಿದಾರಾ, ತೊಳೆಯೋಕಾ?” ಎಂದ.

ಹೊಸ ನಿಯಂತ್ರಕವನ್ನೇ ಕೂರಿಸಬಾರದೇ ಎಂದು, ವರ್ಷಕ್ಕೊಂದು ಮೊಬೈಲು ಬದಲಾಯಿಸುವ ಪಂಡಿತನಾದ ನಾನು ಸೂಚಿಸಿದ್ದುಂಟು. ಆಚಾರ್ಯರು ಕೋಪಿಸಲಿಲ್ಲ. ಆ ಯಂತ್ರದ ಪ್ರೋಗ್ರಾಮನ್ನು ಬರೆದವನು ಯಾರೋ, ಬರೆದ ಕಾಗದ ಎಲ್ಲಿ ಹೋಯಿತೋ. ಉಳಿದಿರುವುದು ಇಪ್ರಾಮ್ ಎಂಬ ಸ್ಮೃತಿಕೋಶದೊಳಗಿನ ಸೊನ್ನೆ-ಒಂದುಗಳು ಮಾತ್ರ, ಅವನ್ನೋದಬಲ್ಲುದು ಈ ಚಿಪ್ಪಿನ ಕುಲವೊಂದೇ ಎಂದರು. ಹೆಸರಿಲ್ಲದ ಆ ಪುಣ್ಯಾತ್ಮನ ಬುದ್ಧಿ ಇಂದಿಗೂ ಪೀಣ್ಯದಲ್ಲಿ ಲೋಹ ಕೊರೆಯುತ್ತಿರುವುದನ್ನು ನೆನೆದು, ಅಸಿಟೋನಿನ ಘಾಟನ್ನು ನಾನು ಸ್ವಲ್ಪ ಹೊತ್ತು ಮರೆತೆ.

ಕಡೆಗೆ ಎರಡನೆಯ ಚಿಪ್ಪೇ ಸಾಚಾ ಎಂದು ಸಿದ್ಧವಾಯಿತು, ಯಂತ್ರ ತಿರುಗಿತು. ಬೇಕಾದದ್ದು ಒಂದು, ಆಚಾರ್ಯರು ಕೊಂಡದ್ದು ಅಂಗಡಿಯಲ್ಲಿದ್ದಷ್ಟನ್ನೂ. ಅವರ ಮನೆಯಾಕೆಯು ಇನ್ನೊಂದು ಚಿಪ್ಪೂ ಹೊಸ್ತಿಲು ದಾಟಕೂಡದೆಂದು ವಿಧಿಸಿರುವುದರಿಂದ ಅವೆಲ್ಲವೂ ನನ್ನ ಬೀರುವಿನಲ್ಲಿವೆ. ಘರ್ಷಣೆಯ ವಿದ್ಯುತ್ತು ತಗುಲಿದರೆ ಸತ್ತಾವೆಂದು, ಉಣ್ಣೆಯ ಬಟ್ಟೆಗಳನ್ನು ಅಲ್ಲಿಡಬಾರದೆಂಬ ಅಪ್ಪಣೆಯೂ ಆಗಿದೆ. ನನ್ನ ಶಾಲು, ಸ್ವೆಟರುಗಳಿಗೆ ಪರ್ಯಾಯ ಸ್ಥಳವನ್ನು ಹುಡುಕುತ್ತಿದ್ದೇನೆ.